ಓದುಗರ ಪ್ರಶ್ನೆ: ಶಬ್ದಕ್ಕಿಂತ ಜೋರ್ ಹಾರಿದ್ರೂ ಸಪ್ಪಳ ಮಾಡದ ವಿಮಾನ ಆಗ್ತದೇನ್ರಿ?

ಹೋದ ವರ್ಷ, ಅಂದ್ರ 2025ರ ಅಕ್ಟೋಬರ್ 28ಕ್ಕ ಅಮೆರಿಕದ ನಾಸಾದವ್ರು ಶಬ್ದಕ್ಕಿಂತ ಜೋರ್ ಹಾರಿದ್ರೂ ಸಪ್ಪಳ ಕಡಿಮಿ ಇರಲಿ ಅಂತ ಮಾಡಿದ ಎಕ್ಸ್-59 ವಿಮಾನ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ದಿಂದ ಮೊದಲ್ನೇ ಸಲ ಹಾರ್ತು. ಸೂಜಿ ಮೂತಿ ಆ ವಿಮಾನದ ವಿಡಿಯೋ ನಮ್ ಕಡಿ ಎಲ್ಲಾರ ಫೋನಿಗೂ ಬಂದಂಗ ಕಾಣ್ತದ, ಯಾಕಂದ್ರ ಬೀದರ್, ಸೇಡಂ, ಶಹಾಪುರ, ಭಾಲ್ಕಿ ಎಲ್ಲಾ ಕಡಿಂದ ಅದ್ರದ್ದೇ ಪ್ರಶ್ನೆ ಬಂದಾವ. ಹಂಗಾಗಿ ಈ ಸಲದ ಅಂಕಣ ಪೂರಾ ಇದಕ್ಕೇ ಇಟ್ಟೀನಿ.

ಪ್ರಶ್ನೆ: ನಮ್ಮ ಮನಿ ಏರ್‌ಫೋರ್ಸ್ ಸ್ಟೇಷನ್ ಕಡಿ ಅದರಿ. ಟ್ರೇನಿಂಗ್ ವಿಮಾನ ಮ್ಯಾಲಿಂದ ಹೋದ್ರ ಫೋನ್‌ದಾಗ ಮಾತಾಡೋದು ಕೇಳಂಗಿಲ್ಲ, ಕಿಟಕಿ ಗಾಜು ನಡುಗ್ತಾವ. ಸಾನಿಕ್ ಬೂಮ್ ಅಂದ್ರ ಇದೇ ಏನು? ಸಪ್ಪಳ ಇಲ್ಲದ ಸೂಪರ್‌ಸಾನಿಕ್ ಬಂದ್ರ ನಮ್ಮ ತ್ರಾಸ ತಪ್ತದೇನು? – ಬೀದರ್‌ದ ಓದುಗರೊಬ್ರು

ಉತ್ತರ: ಇಲ್ರಿ, ಅದು ಎಂಜಿನ್ನಿನ ಸಪ್ಪಳ. ಸಾನಿಕ್ ಬೂಮ್ ಅಂದ್ರ ವಿಮಾನ ಶಬ್ದಕ್ಕಿಂತ ಜೋರ್, ಅಂದ್ರ ಸೂಪರ್‌ಸಾನಿಕ್ ವೇಗದಾಗ ಹಾರಿದ್ರ ಬರೋ ಸಪ್ಪಳ. ಬೀದರ್‌ದಾಗ ಪೈಲಟ್‌ಗಳಿಗೆ ಕಲಿಸೋ ಹಾಕ್ ವಿಮಾನ ನೆಟ್ಟಗ ಹಾರೋವಾಗ ಶಬ್ದದ ವೇಗ ದಾಟೋದೇ ಇಲ್ಲ, ಮೂಗು ಕೆಳಗ ಮಾಡಿ ಜೋರಾಗಿ ಇಳಿದ್ರ ಮಾತ್ರ ದಾಟಬಹುದು. ವಾಯುಪಡೆಯ ಸೂರ್ಯಕಿರಣ ತಂಡದವ್ರೂ ಅದೇ ವಿಮಾನದಾಗೇ ಆಕಾಶದಾಗ ಆಟ ತೋರಿಸ್ತಾರ. ಎರಡನ್ನೂ ಗುರುತು ಹಿಡಿಯೋದು ಸಸಾರ ಅದ ನೋಡ್ರಿ. ಎಂಜಿನ್ ಸಪ್ಪಳ ದೂರದಿಂದ ಸುರು ಆಗಿ ಏರ್ತಾ ಬಂದು, ತಲಿ ಮ್ಯಾಲ ಬಂದಾಗ ಕಿವಿ ಕಿತ್ತೋಗೋವಷ್ಟು ಆಗಿ, ಆಮ್ಯಾಲ ಇಳೀತಾ ಹೋಗ್ತದ. ಸಾನಿಕ್ ಬೂಮ್ ಹಂಗಲ್ಲ, ಯಾವ ಸುಳಿವೂ ಇಲ್ದಂಗ ಧಡ್ ಧಡ್ ಅಂತ ಬಂದು ಸೆಕೆಂಡಿನೊಳಗ ಮುಗೀತದ, ಹೊರಗ ಓಡಿ ಬಂದು ನೋಡಿದ್ರ ಆಕಾಶದಾಗ ಏನೂ ಕಾಣಂಗಿಲ್ಲ.

2020ರ ಮೇ 20ಕ್ಕ ಬೆಂಗಳೂರಾಗ ಆದದ್ದು ಇದೇ. ಲಾಕ್‌ಡೌನ್ ಟೈಮು, ಮಂದಿ ಎಲ್ಲಾ ಮನ್ಯಾಗೇ ಇದ್ರು, ಮಧ್ಯಾಹ್ನ ಒಮ್ಮಿಂದೊಮ್ಮೆಲೆ ಧಡ್ ಅಂತು, ಭೂಕಂಪ ಅಂತ ಕೆಲವರು, ಬಾಂಬ್ ಅಂತ ಕೆಲವರು. ವಾಯುಪಡೆಯ ಟೆಸ್ಟ್ ಫ್ಲೈಟ್ ಅದು, ಊರ ಹೊರಗ 36ರಿಂದ 40 ಸಾವಿರ ಅಡಿ ಎತ್ತರದಾಗ ಸೂಪರ್‌ಸಾನಿಕ್‌ದಿಂದ ವೇಗ ಇಳಿಸೋವಾಗ ಬಂದ ಸಪ್ಪಳ ಇರಬಹುದು, ವಿಮಾನ 65ರಿಂದ 80 ಕಿಲೋಮೀಟರ್ ದೂರ ಇದ್ರೂ ಕೇಳ್ತದ ಅಂತ ರಕ್ಷಣಾ ಇಲಾಖೆಯವ್ರು ಆಮ್ಯಾಲ ಹೇಳಿದ್ರು.

ಇನ್ನೊಂದು ಮಾತು, ಭಾಳ ಮಂದಿ ತಿಳಕೊಂಡಿದ್ದು ಏನಂದ್ರ ಶಬ್ದದ ವೇಗ ದಾಟೋ ಆ ಒಂದೇ ಗಳಿಗ್ಯಾಗ ಮಾತ್ರ ಢಂ ಅಂತದ ಅಂತ. ಖರೇ ಅಂದ್ರ ಆ ವೇಗದಾಗ ಇರೋ ತನಕಾ ವಿಮಾನ ಬೂಮ್ ಎಳಕೊಂಡೇ ಹೋಗ್ತದ, ಕೆಳಗಿನ ಒಂದೊಂದು ಊರಿಗೂ ಒಂದೊಂದು ಸಲ ಕೇಳ್ತದ. ಎತ್ತರದ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಮೈಲಿ ಅಗಲದ ಪಟ್ಟಿ ಅಂತ ಲೆಕ್ಕಾ ಹಾಕ್ತಾರ. ಹೈದರಾಬಾದ್‌ದಿಂದ ಮುಂಬೈ ಕಡಿ ಹೊಂಟ ವಿಮಾನ 50 ಸಾವಿರ ಅಡಿ ಎತ್ತರದಾಗ ಹುಮನಾಬಾದ್ ಮ್ಯಾಲ ಹಾದು ಹೋಯ್ತು ಅಂತ ಇಟ್ಕೋರಿ, ಪಟ್ಟಿ ಅಗಲ 80 ಕಿಲೋಮೀಟರ್ ಆಯ್ತು, ಅಂದ್ರ ಬೀದರ್‌ಕ್ಕೂ ಕೇಳ್ತದ ಬಸವಕಲ್ಯಾಣಕ್ಕೂ ಕೇಳ್ತದ ಕಮಲಾಪುರಕ್ಕೂ ಕೇಳ್ತದ. ಸಪ್ಪಳ ಕಡಿಮಿ ಮಾಡೋದು ಯಾಕ ಅಷ್ಟು ದೊಡ್ಡ ಮಾತು ಅಂತ ಇದ್ರಾಗೇ ತಿಳೀತದ. ಆದ್ರ ನಿಮ್ಮ ಮನಿ ಮ್ಯಾಲಿನ ಹಾಕ್ ಸಪ್ಪಳಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಹಂಗೇ ಇರ್ತದ.

ಪ್ರಶ್ನೆ: 2021ರಾಗ ನಮ್ಮ ಗಡಿಕೇಶ್ವಾರ ಕಡಿ ಸಪ್ಪಳ ಬಂದಿತ್ತಲ್ಲ, ಅದೂ ವಿಮಾನದ್ದೇ ಅಂತ ಈಗ ಒಬ್ರು ಹೇಳ್ಲಿಕತ್ತಾರ. ಖರೇ ಏನು? – ಚಿಂಚೋಳಿ ಕಡಿಯವ್ರು

ಉತ್ತರ: ಖರೇ ಅಲ್ಲ. ಅದು ಭೂಮಿಯದ್ದು, ಭೂಕಂಪ ಅಳಿಯೋ ಯಂತ್ರದಾಗ ದಾಖಲಾದ ನಡುಕ. ಭೂಮಿ ನಡುಗಿದ್ರ ಕಾಲಿಗೆ ಗೊತ್ತಾಗ್ತದ, ನೆಲದ ಮ್ಯಾಲಿಟ್ಟ ಪಾತ್ರಿ ಅಲ್ಲಾಡ್ತಾವ. ಬೂಮ್ ಹವಾದಾಗ ಬರೋದು, ಕಿಟಕಿ, ಬಾಗಲ, ತಗಡು ಮೊದಲು ಅಲ್ಲಾಡ್ತಾವ. ಇಂಥಾ ಮಾತು ನಂಬಿ ಯಾರೂ ಹುಷಾರಿ ಬಿಡಬ್ಯಾಡ್ರಿ.

ಪ್ರಶ್ನೆ: ಸರ್, ವಿಮಾನ ಮುಂದ ಹೋದ ಮ್ಯಾಲ ಸಪ್ಪಳ ಹಿಂದಿಂದ ಯಾಕ ಬರ್ತದ, ಅದೂ ಎರಡೆರಡು ಸಲ? ಮತ್ತ ಎಕ್ಸ್-59ಕ್ಕ ಅಷ್ಟು ಉದ್ದ ಮೂಗು ಯಾಕ ಇಟ್ಟಾರ? – ಪಿಯುಸಿ ಓದೋ ಹುಡುಗಿ, ಸೇಡಂ

ಉತ್ತರ: ಭಾಳ ಛಲೋ ಕೇಳೀದಿ ತಂಗಿ. ಶಬ್ದ ನೆಲದ ಹತ್ರ ತಾಸಿಗೆ ಸುಮಾರು 1225 ಕಿಲೋಮೀಟರ್ ಓಡ್ತದ, ಮ್ಯಾಲ ಮೈನಸ್ 56 ಡಿಗ್ರಿ ಥಂಡಿಯೊಳಗ 1060ರ ಹತ್ರ ಬರ್ತದ. ಮ್ಯಾಕ್ 1 ಅಂದ್ರ ಆಯಾ ಜಾಗದ ಶಬ್ದದ ವೇಗ. ಸಾದಾ ವಿಮಾನ ಬರೋ ಮೊದಲೇ ಅದ್ರ ಒತ್ತಡದ ಸುದ್ದಿ ಮುಂದಿನ ಹವಾಕ್ಕ ಮುಟ್ಟಿರ್ತದ, ಹವಾ ಸರಿದು ದಾರಿ ಬಿಡ್ತದ. ಸೂಪರ್‌ಸಾನಿಕ್ ವಿಮಾನ ತನ್ನ ಸುದ್ದಿಗಿಂತ ತಾನೇ ಮುಂದ ಇರ್ತದ, ಹಂಗಾಗಿ ಹವಾ ಒಮ್ಮೆಲೆ ಒತ್ತಿ ಹೋಗ್ತದ, ಅದೇ ಶಾಕ್ ವೇವ್. ಅದು ವಿಮಾನದ ಹಿಂದ ಕೋನ್ ಆಕಾರದಾಗ ಹರಡ್ತದ, ಮ್ಯಾಕ್ 2ಕ್ಕ ಆ ಕೋನಿನ ಓರೆ 30 ಡಿಗ್ರಿ, ಮ್ಯಾಕ್ 1.4ಕ್ಕ 45ರ ಆಸುಪಾಸು. ಕೋನು ನೆಲಕ್ಕ ಮುಟ್ಟೋದ್ರಾಗ ವಿಮಾನ ಮುಂದ ಹೋಗಿರ್ತದ, ಅದಕ್ಕೇ ಸಪ್ಪಳ ತಡ.

ಈಗ ಎರಡು ಯಾಕ ಅನ್ನೋದು. ಮೂಗು, ಪೈಲಟ್ ಕೂಡೋ ಗಾಜಿನ ಗುಬ್ಬಿ, ರೆಕ್ಕಿ, ಎಂಜಿನ್ನಿನ ಬಾಯಿ, ಬಾಲ, ಹಿಂಗ ವಿಮಾನದ ಒಂದೊಂದು ಉಬ್ಬೂ ತನ್ನದೊಂದು ಶಾಕ್ ಹುಟ್ಟಿಸ್ತದ. ವಿಮಾನದ ಹತ್ರ ಇವೆಲ್ಲಾ ಬ್ಯಾರೆ ಬ್ಯಾರೆ ಇರ್ತಾವ. ಆದ್ರ ಒತ್ತಡ ಜಾಸ್ತಿ ಇದ್ದ ಅಲಿ ಸ್ವಲ್ಪ ಜೋರಾಗಿ ಓಡ್ತದ, ಕಡಿಮಿ ಇದ್ದದ್ದು ಹಿಂದ ಬೀಳ್ತದ. ಶರಣಬಸಪ್ಪನ ಜಾತ್ರ್ಯಾಗ ಹಿಂದಿನವ್ರು ಜೋರ್ ನಡದು ಮುಂದಿನವ್ರಿಗೆ ಹೋಗಿ ಮುಟ್ಟಿ ಒಂದೇ ಗುಂಪು ಆಗ್ತದಲ್ಲ, ಹಂಗೇ 15–16 ಕಿಲೋಮೀಟರ್ ಕೆಳಗ ಇಳಿಯೋದ್ರಾಗ ಎಲ್ಲಾ ಶಾಕ್ ಕೂಡಿ ಮುಂದೊಂದು ಹಿಂದೊಂದು ಎರಡೇ ಉಳೀತಾವ. ಗ್ರಾಫ್ ಹಾಕಿದ್ರ ಇಂಗ್ಲಿಷ್ ಎನ್ ಅಕ್ಷರದಂಗ ಕಾಣ್ತದ, ಒತ್ತಡ ಒಮ್ಮೆಲೆ ಏರಿ, ಓರೆಯಾಗಿ ಇಳಿದು, ಮತ್ತ ಒಮ್ಮೆಲೆ ಏರ್ತದ. ಆ ಎರಡು ಏರಿಕೀನೇ ಕಿವಿಗೆ ಧಡ್ ಧಡ್. ಇಷ್ಟೆಲ್ಲಾ ಆಗಿ ಕಾನ್ಕಾರ್ಡ್ ಅನ್ನೋ ಹಳೇ ಸೂಪರ್‌ಸಾನಿಕ್ ಪ್ಯಾಸೆಂಜರ್ ವಿಮಾನದ ಬೂಮಿನ ಒತ್ತಡ ನೆಲದ ಮ್ಯಾಲ ಸುಮಾರು 100 ಪಾಸ್ಕಲ್ ಮಾತ್ರ, ನಮ್ಮ ಸುತ್ತಿನ ಹವಾದ ಒತ್ತಡ 1,01,325 ಪಾಸ್ಕಲ್, ಸಾವಿರದಾಗ ಒಂದು ಪಾಲು. ಮೈಗೆ ಏನೂ ಆಗಂಗಿಲ್ಲ. ಎದಿ ಧಸಕ್ ಅನ್ನೋದು ಆ ಒತ್ತಡ ಕೆಲವೇ ಮಿಲಿಸೆಕೆಂಡಿನಾಗ ಏರ್ತದಲ್ಲ ಅದಕ್ಕ.

ಮೂಗಿನ ಕೆಲಸ ಈಗ ತಿಳೀಬೇಕು. ಶಾಕ್‌ಗಳು ಕೂಡಲಿಕ್ಕೆ ಟೈಮ್ ಬೇಕು. ನಾಸಾದ ಮೆಕ್ಲೀನ್ ಅನ್ನೋರು 1965ರಾಗೇ ತೋರಿಸಿದ್ರು, ವಿಮಾನ ಸಾಕಷ್ಟು ಉದ್ದ ಇದ್ರ, ನೆಲಕ್ಕ ಬರೋದ್ರಾಗ ಶಾಕ್‌ಗಳು ಪೂರಾ ಕೂಡಂಗಿಲ್ಲ ಅಂತ, ಕೆಳಗ ಬಂದಂಗ ಹವಾ ದಟ್ಟ ಆಗಿ ಆ ಕೂಡೋದೂ ನಿಧಾನ ಆಗ್ತದ. ಅದಕ್ಕ ಎಕ್ಸ್-59ದ ಉದ್ದ 30 ಮೀಟರ್, ರೆಕ್ಕಿ ತುದಿಯಿಂದ ತುದಿಗೆ 9 ಮೀಟರ್ ಮಾತ್ರ, ಮೂಗು ಒಂದೇ 11 ಮೀಟರಿಗಿಂತ ಜಾಸ್ತಿ, ಕೂಡೋವ್ರು ಒಬ್ಬರೇ. ಒತ್ತಡ ಏರೋದು ಏರ್ತದ, ಆದ್ರ ಮೆತ್ತಗ ಏರ್ತದ. ಕಿವಿಗೆ ಎಷ್ಟು ಜೋರ್ ಅನಿಸ್ತದ ಅಂತ ಅಳಿಯೋ ಡೆಸಿಬಲ್ ಲೆಕ್ಕದಾಗ ಕಾನ್ಕಾರ್ಡ್ 105, ಎಕ್ಸ್-59ದ ಗುರಿ 75. ಸಂಖ್ಯಾ ನೋಡಿ ಮುಕ್ಕಾಲು ಪಾಲು ಅಂತ ತಿಳ್ಕೋಬ್ಯಾಡ, ಈ ಲೆಕ್ಕದಾಗ 30 ಇಳಿದ್ರ ಕಿವಿಗೆ ಸುಮಾರು ಹತ್ತರಾಗ ಒಂದು ಪಾಲು.

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಲೋ-ಬೂಮ್ ವಿಮಾನದ ಕಾನ್ಸೆಪ್ಟ್ ಡಿಸೈನ್ ತಗೋಬೇಕಂತ ಮಾಡೀವಿ. ಮೂಗು ಉದ್ದ ಮಾಡಿ ರೆಕ್ಕಿ ತೆಳ್ಳಗ ಮಾಡಿದ್ರ ಆಯ್ತೇನ್ರಿ? ತಗಡು ಕತ್ತರಿಸೋ ಮೊದಲೇ, ಬರೀ ಸ್ಕೆಚ್ ಇದ್ದಾಗ, ಇದು ಸಪ್ಪಳ ಕಡಿಮಿ ಮಾಡ್ತದ ಇದು ಮಾಡಂಗಿಲ್ಲ ಅಂತ ಹೆಂಗ ಗುರುತು ಹಿಡೀತಾರ? – ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ಇಡೀ ಡಾಕಿನಾಗ ನನಗ ಭಾಳ ಖುಷಿ ಕೊಟ್ಟ ಪ್ರಶ್ನೆ ಇದು, ಯಾಕಂದ್ರ ವಿಮಾನದ ಸಪ್ಪಳ ಖರೇ ತೀರ್ಮಾನ ಆಗೋದು ಅಲ್ಲೇ, ಮೊದಲಿನ ಸ್ಕೆಚ್‌ದಾಗೇ. ವಿಮಾನ ಕಟ್ಟಿದ ಮ್ಯಾಲ ಬೂಮ್ ತೆಗೀಲಿಕ್ಕೆ ಯಾವ ಸೈಲೆನ್ಸರ್ರೂ ಇಲ್ಲ. ಅದಕ್ಕ ಈ ಉತ್ತರ ಉದ್ದ ಆಗ್ತದ.

ಮೊದಲ್ನೇದು, ಈ ಕೆಲಸ ಉಲ್ಟಾ ಸುರು ಆಗ್ತದ. ವಿಮಾನ ಬಿಡಿಸಿ ಸಪ್ಪಳ ಎಷ್ಟು ಬಂತು ಅಂತ ನೋಡ್ತಾ ಕೂತ್ರ ಜಲ್ಮ ಹೋಗ್ತದ. ನೆಲದ ಮ್ಯಾಲ ನಿಂತ ಮನುಷ್ಯಾಗ ಎಂಥಾ ಒತ್ತಡದ ಗೆರಿ, ಅಂದ್ರ ಗ್ರಾಫ್, ಬಂದ್ರ ನಡೀತದ ಅಂತ ಮೊದಲು ಬರ್ಕೋತಾರ, ಆ ಗೆರಿ ಬರಬೇಕಂದ್ರ ವಿಮಾನದ ಹತ್ರ ಒತ್ತಡ ಹೆಂಗಿರಬೇಕು ಅಂತ ಹಿಂದಕ್ಕ ಲೆಕ್ಕಾ ಹಾಕ್ತಾರ, ಅಲ್ಲಿಂದ ವಿಮಾನದ ದಪ್ಪ ಮೂಗಿಂದ ಬಾಲದ ತನಕಾ ಹೆಂಗ ಏರಬೇಕು ಹೆಂಗ ಇಳೀಬೇಕು ಅಂತ ಒಂದು ಗೆರಿ ಸಿಗ್ತದ. ಆ ಗೆರಿಗೆ ಹೊಂದೋ ವಿಮಾನ ಹುಡುಕೋದೇ ಕಾನ್ಸೆಪ್ಟ್ ಡಿಸೈನ್.

ಈ ದಾರಿ ಹಾಕಿದ್ದು ವಿದಮ್ ಅನ್ನೋ ಗಣಿತದವ್ರು, 1952ರಾಗ, ಒಂದು ವಸ್ತುವಿನ ಆಕಾರದಿಂದ ಅದ್ರ ದೂರದ ಶಾಕ್ ಹೆಂಗಿರ್ತದ ಅಂತ ಲೆಕ್ಕಾ ಕೊಟ್ಟು. ಆಮ್ಯಾಲ ಕಾರ್ನೆಲ್ ಯೂನಿವರ್ಸಿಟಿಯ ಸೀಬಾಸ್ ಮತ್ತ ಜಾರ್ಜ್ ಇಬ್ಬರೂ ಕೂಡಿ 1970ರ ಆಸುಪಾಸಿನಾಗ, ಇಷ್ಟು ತೂಕ ಇಷ್ಟು ಉದ್ದ ಇಷ್ಟು ಎತ್ತರ ಅಂದ್ರ ಬೂಮ್ ಎಲ್ಲಿ ತನಕಾ ಇಳಿಸಬಹುದು ಅಂತ ಕನಿಷ್ಠದ ಲೆಕ್ಕಾ ಕಟ್ಟಿದ್ರು. ಅದ್ರಾಗ ಒಂದು ತೊಡಕು ಇತ್ತು. ಬೂಮ್ ಕಡಿಮಿ ಬರಬೇಕಂದ್ರ ಮೂಗು ಮೊಂಡ ಇರಬೇಕು ಅಂತ ಲೆಕ್ಕಾ ಹೇಳ್ತಿತ್ತು, ಮೊಂಡ ಮೂಗು ಅಂದ್ರ ಹವಾ ತಡೀತದ, ಎಣ್ಣಿ ಕುಡೀತದ. ಅದ್ರ ನಡು ದಾರಿ ಹುಡುಕಿದ್ದು ಕ್ರಿಸ್ಟೀನ್ ಡಾರ್ಡನ್. 1967ರಾಗ ನಾಸಾದ ಲ್ಯಾಂಗ್ಲಿ ಕೇಂದ್ರಕ್ಕ ಬರೀ ಲೆಕ್ಕಾ ಮಾಡಿಕೊಡೋ ಕೆಲಸಕ್ಕ ಸೇರಿದ್ರು ಆ ಅಮ್ಮ, ಆಮ್ಯಾಲ ಎಂಜಿನಿಯರ್ ಆಗಿ, ಮೂಗು ಎಷ್ಟು ಚೂಪ ಮಾಡಿದ್ರ ಬೂಮ್ ಎಷ್ಟು ಏರ್ತದ ಅಂತ ತೂಗಿ ನೋಡೋ ಕಂಪ್ಯೂಟರ್ ಪ್ರೋಗ್ರಾಮ್ ಬರದ್ರು. ಇವತ್ತಿಗೂ ಈ ವಿಷಯದ ಪೇಪರ್ ತೆಗೆದ್ರ ಆ ಹೆಸರು ಬರ್ತದ. ನಿಮ್ಮ ಕ್ಲಾಸಿನ ಹುಡುಗ್ಯಾರಿಗೆ ಇದು ಖಾಸ್ ಹೇಳು.

ದಪ್ಪದ ಗೆರಿ ಅಂದೆನಲ್ಲ, ಅದಕ್ಕ ಈಕ್ವಿವಲೆಂಟ್ ಏರಿಯಾ ಅಂತಾರ. ವಿಮಾನನ ನೆಟ್ಟಗ ಕೊಯ್ಯಬಾರ್ದು, ಮ್ಯಾಕ್ ಕೋನಿನ ಓರೆಗೆ ಕೊಯ್ತಾ ಹೋಗಿ ಒಂದೊಂದು ಕೊಯ್ತದ ಏರಿಯಾ ಬರ್ಕೋಬೇಕು. ಅದ್ರ ಮ್ಯಾಲ ಲಿಫ್ಟ್, ಅಂದ್ರ ವಿಮಾನನ ಮ್ಯಾಲ ಎತ್ತೋ ರೆಕ್ಕಿಯ ಬಲ, ಅದ್ರ ಪಾಲೂ ಕೂಡಿಸಬೇಕು, ಯಾಕಂದ್ರ ರೆಕ್ಕಿ ಹವಾ ಕೆಳಗ ಒತ್ತೋದೂ ನೆಲಕ್ಕ ಒಂದು ಉಬ್ಬಿನಂಗೇ ಕಾಣ್ತದ. ಇಲ್ಲೇ ಹುಡುಗ್ರು ತಪ್ಪೋದು, ಬರೀ ದಪ್ಪ ತಗೊಂಡು ಲಿಫ್ಟ್ ಮರೀತಾರ. ಮೂಗು ಸೂಜಿ ಮಾಡಿ ಹಿಂದ ದೊಡ್ಡ ತ್ರಿಕೋನ ರೆಕ್ಕಿ ಇಟ್ರ, ಆ ರೆಕ್ಕಿ ಸುರು ಆಗೋ ಜಾಗದಾಗ ಗೆರಿ ಒಮ್ಮೆಲೆ ಏರಿ ಬೂಮ್ ಮತ್ತ ಬರ್ತದ. ಲಿಫ್ಟ್ ಉದ್ದಕ್ಕೂ ಹಂಚಿ ಬರಬೇಕು.

ಮುಂದ ಸೋಸೋದು. ಮೊದಲು ಸಾದಾ ಲೆಕ್ಕದಾಗ, ಒಂದೊಂದಕ್ಕ ಸೆಕೆಂಡ್ ಇಲ್ಲಾ ನಿಮಿಷದಾಗ ಮುಗಿಯೋ ಲೆಕ್ಕದಾಗ, ಸಾವಿರಗಟ್ಟಲೆ ಆಕಾರ ಓಡಸ್ತಾರ. ರೆಕ್ಕಿ ಓರೆ, ಜಾಗ, ಉದ್ದ, ಎಂಜಿನ್ ಮ್ಯಾಲೋ ಕೆಳಗೋ, ಬಾಲ ಹೆಂಗ, ಎಲ್ಲಾ ಬದ್ಲಿ ಮಾಡಿ ಮಾಡಿ. ಅದ್ರಾಗ ಗೆರಿಗೆ ಹತ್ರ ಬಂದ ಕೆಲವನ್ನೇ ಆರಿಸಿ ಸಿಎಫ್‌ಡಿ ಅಂದ್ರ ಕಂಪ್ಯೂಟರಿನಾಗ ಹವಾ ಹರಿಸೋ ದೊಡ್ಡ ಲೆಕ್ಕಕ್ಕ ಹಾಕ್ತಾರ. ಅಲ್ಲಿ ಭಾಳ ಸಲ ನಿರಾಶಾ ಆಗ್ತದ, ಸಾದಾ ಲೆಕ್ಕಕ್ಕ ಎಂಜಿನ್ ಹಿಂದಿನ ಬಿಸಿ ಹೊಗಿ, ರೆಕ್ಕಿ–ಮೈ ಕೂಡೋ ಜಾಗದ ಜಗ್ಗಾಟ ಸರಿ ಕಾಣಂಗಿಲ್ಲ. ಲ್ಯಾಂಗ್ಲಿಯವ್ರು ಇದಕ್ಕೊಂದು ಯುಕ್ತಿ ಮಾಡ್ಯಾರ, ನನಗ ಭಾಳ ಸೇರಿದ್ದು: ಸಿಎಫ್‌ಡಿಯಿಂದ ವಿಮಾನದ ಕೆಳಗ ಕೆಲವು ಉದ್ದದಷ್ಟು ದೂರದಾಗ ಸಿಕ್ಕ ಒತ್ತಡ ತಗೊಂಡು, ಇಂಥಾ ಒತ್ತಡ ಕೊಡೋ ವಸ್ತುವಿನ ದಪ್ಪದ ಗೆರಿ ಹೆಂಗಿರಬೇಕಿತ್ತು ಅಂತ ಹಿಂದಕ್ಕ ತಿರುಗಿಸ್ತಾರ, ಅದನ್ನ ಬೇಕಾದ ಗೆರಿ ಪಕ್ಕದಾಗ ಇಟ್ಟು ನೋಡ್ತಾರ. ಎಲ್ಲಿ ಉಬ್ಬು ಜಾಸ್ತಿ ಆಗ್ಯದ ಎಲ್ಲಿ ತಗ್ಗು ಬಿದ್ದದ ಅಂತ ಸಿಗ್ತದ, ಅಷ್ಟೇ ಜಾಗ ತಿದ್ದತಾರ. ಒತ್ತಡದ ಗೆರಿ ತಿದ್ದೋದು ಕಷ್ಟ, ದಪ್ಪದ ಗೆರಿ ತಿದ್ದೋದು ಕೈಗೆ ಹತ್ತೋ ಕೆಲಸ.

ಆಮ್ಯಾಲ ಖರೇ ಪರೀಕ್ಷಾ ಸುರು ಆಗ್ತದ, ಚಂದ ಕಂಡ ಕಾನ್ಸೆಪ್ಟ್ ಭಾಳ ಇಲ್ಲೇ ಸಾಯ್ತಾವ. ಬೂಮ್‌ಗಂತ ಮೈ ತೆಳ್ಳಗ ಮಾಡಿದ್ರಿ, ಎಣ್ಣಿ ಟ್ಯಾಂಕಿಗೆ ಜಾಗ ಹೋಯ್ತು. ಜಾಗ ಬೇಕಂತ ಉದ್ದ ಮಾಡಿದ್ರಿ, ತೂಕ ಏರ್ತು, ತೂಕ ಏರಿದ್ರ ಲಿಫ್ಟ್ ಏರಬೇಕು, ಲಿಫ್ಟ್ ಏರಿದ್ರ ಬೂಮ್ ಏರ್ತದ, ಮತ್ತ ಮೊದಲಿಂದ. ಶಬ್ದದ ವೇಗ ದಾಟಿದ ಮ್ಯಾಲ ಲಿಫ್ಟ್‌ದ ಕೇಂದ್ರ ಹಿಂದಕ್ಕ ಸರೀತದ, ಕಾನ್ಕಾರ್ಡ್‌ದಾಗ ಅದಕ್ಕಂತ ಹಾರ್ತಾ ಹಾರ್ತಾ ಎಣ್ಣಿ ಮುಂದಿನ ಟ್ಯಾಂಕಿನಿಂದ ಹಿಂದಕ್ಕ ಪಂಪ್ ಮಾಡ್ತಿದ್ರು. ನೀವು ಬ್ಯಾಲೆನ್ಸಿಗಂತ ಬಾಲದ ರೆಕ್ಕಿ ಸ್ವಲ್ಪ ತಿರುಗಿಸಿದ್ರೂ ಹಿಂದಿನ ಶಾಕ್ ಬದ್ಲಿ ಆಗ್ತದ. ಹಂಗಾಗಿ ಬ್ಯಾಲೆನ್ಸ್ ಮಾಡದ ವಿಮಾನದ ಬೂಮ್ ಲೆಕ್ಕಕ್ಕ ನಾ ಬೆಲಿ ಕೊಡಂಗಿಲ್ಲ. ಮುಂದಿನ ಶಾಕಿಗಿಂತ ಹಿಂದಿನದು ಪಳಗಿಸೋದು ಕಷ್ಟ, ರೆಕ್ಕಿ, ಬಾಲ, ಎಂಜಿನ್ನಿನ ಹೊಗಿ ಎಲ್ಲಾ ಅಲ್ಲೇ ಗುಂಪು ಇರ್ತಾವ.

ಎಕ್ಸ್-59ನ್ನ ಈ ಕಣ್ಣಿಂದ ನೋಡು. ಎಂಜಿನ್ ಮ್ಯಾಲ ಯಾಕ ಅದ? ಅದ್ರ ಬಾಯಿಯ ಶಾಕ್ ಆಕಾಶಕ್ಕ ಹೋಗ್ಲಿ ಅಂತ. ಪೈಲಟ್ ಮುಂದ ಗಾಜು ಯಾಕಿಲ್ಲ? ಗಾಜಿನ ಗುಬ್ಬಿ ಮ್ಯಾಲ ಎದ್ದು ನಿಂತ್ರ ಅದೂ ಒಂದು ಶಾಕ್, ಅದಕ್ಕ ಕ್ಯಾಮೆರಾ ಇಟ್ಟು ಒಳಗ ಸ್ಕ್ರೀನ್‌ದಾಗ ಮುಂದಿನ ದಾರಿ ತೋರಿಸ್ತಾರ. ಒಂದೊಂದೂ ಕಾಗದದ ಮ್ಯಾಲ ಆದ ಜಗಳದ ಫಲ.

ಒಂದೇ ಗೆರಿ, ಒಂದೇ ಹವಾ ನಂಬಿ ಕೂಡಬ್ಯಾಡ. ವಿಮಾನದ ನೇರ ಕೆಳಗ ಮೆತ್ತಗಿದ್ದು 20 ಕಿಲೋಮೀಟರ್ ಬಾಜೂಕ್ಕ ಜೋರ್ ಬರೋ ಡಿಸೈನ್ ಅವ. ಬಿಸಲಿನ ದಿನ ಒಂಥರಾ, ಮಳಿಗಾಲದಾಗ ಒಂಥರಾ. ಮತ್ತ ವೇಗ ಏರಿಸೋವಾಗ ಶಾಕ್‌ಗಳು ಒಂದು ಜಾಗದಾಗ ಕೂಡಿ ಬೀಳೋ ಫೋಕಸ್ ಬೂಮ್ ಅಂತ ಒಂದದ, ಸಾದಾಕ್ಕಿಂತ ಕೆಲವು ಪಟ್ಟು ಜೋರ್, ಅದನ್ನ ಆಕಾರದಿಂದ ಪೂರಾ ಅಳಿಸಲಿಕ್ಕೆ ಆಗಂಗಿಲ್ಲ, ಊರಿಲ್ಲದ ಕಡಿ ವೇಗ ಏರಿಸಬೇಕು.

ಇದೆಲ್ಲಾ ಬರೀ ಲೆಕ್ಕದ ಮಾತೇನು ಅಂತ ಕೇಳಬಹುದು. 2003ರ ಆಗಸ್ಟ್‌ದಾಗ ಒಂದು ಎಫ್-5ಇ ಫೈಟರಿನ ಮೂಗು ಬದ್ಲಿ ಮಾಡಿ, ಪೆಲಿಕನ್ ಹಕ್ಕಿ ಗಂಟಲಿನಂಗ ಕೆಳಗ ದಪ್ಪ ಮಾಡಿ, ಹಾರಿಸಿದ್ರು. ಅದ್ರ ಹಿಂದೇ ಬದ್ಲಿ ಮಾಡದ ಇನ್ನೊಂದು ಎಫ್-5ಇ ಹಾರಿಸಿದ್ರು, ಅದೇ ಹವಾ ಅದೇ ದಾರಿ. ನೆಲದ ಮೈಕಿನಾಗ ಎರಡರ ಗೆರಿ ಬ್ಯಾರೆ ಬ್ಯಾರೆ ಬಂದ್ವು, ಬದ್ಲಿ ಮಾಡಿದ್ದ್ರದ್ದು ಮುಂದಿನ ಚೂಪು ತುದಿ ಮಟ್ಟಸ ಆಗಿತ್ತು. ಆಕಾರ ಕೊಟ್ಟದ್ದು ನೆಲದ ತನಕಾ ಉಳೀತದ ಅಂತ ಆವತ್ತು ಗೊತ್ತಾಯ್ತು, ಮೊದಲ್ನೇ ಲೆಕ್ಕಾ ಹಾಕಿ ಮೂವತ್ತು ವರ್ಷದ ಮ್ಯಾಲ.

ನಿಮ್ಮ ಪ್ರಾಜೆಕ್ಟಿಗೆ ನಾ ಹೇಳೋದು: ಒಂದೇ ಮ್ಯಾಕ್, ಒಂದೇ ಎತ್ತರ, ಒಂದೇ ತೂಕ ಹಿಡ್ಕೊಳ್ರಿ, ಎಂಟ್ಹತ್ತು ಮಂದಿ ಕೂಡೋ ಸಣ್ಣ ಜೆಟ್ ಸಾಕು, ನೂರು ಮಂದಿ ಹತ್ತಿಸೋ ಆಸೆ ಬ್ಯಾಡ. ಆಕಾರ ಬಿಡಿಸಲಿಕ್ಕೆ ನಾಸಾದವ್ರ ಓಪನ್‌ವಿಎಸ್‌ಪಿ ಫುಕಟ್ ಸಿಗ್ತದ, ಸಿಎಫ್‌ಡಿಗೆ ಎಸ್‌ಯು2 ಅದ, ಅದೂ ಫುಕಟ್. ನಿಮ್ಮ ವಿಮಾನ ಓಡಸೋ ಮೊದಲು ಗೊತ್ತಿದ್ದ ಉತ್ತರದ ಒಂದು ಆಕಾರ ಓಡಸಿ ನೋಡ್ರಿ, ಅಮೆರಿಕದ ವಿಮಾನ–ಅಂತರಿಕ್ಷ ಎಂಜಿನಿಯರುಗಳ ಎಐಎಎ ಸಂಸ್ಥೆಯವ್ರು 2014ರಿಂದ ಸಾನಿಕ್ ಬೂಮ್ ಲೆಕ್ಕದ ವರ್ಕ್‌ಶಾಪ್ ಮಾಡ್ಕೋತ ಬಂದಾರ, ಅದಕ್ಕಂತ ಕೊಟ್ಟ ಆಕಾರಗಳು ಅವ. ಅದು ಹೊಂದಿದ್ರೇ ಮುಂದ ಹೋಗ್ರಿ. ಮತ್ತ ಬಿಟ್ಟ ಡಿಸೈನ್‌ಗಳು ಯಾಕ ಬಿಟ್ರಿ ಅಂತ ಒಂದೊಂದಕ್ಕ ಒಂದು ಸಾಲು ಬರದಿಡ್ರಿ, ವೈವಾದಾಗ ನಾ ಇದ್ರ ಅದನ್ನೇ ಕೇಳ್ತಿದ್ದೆ.

ಪ್ರಶ್ನೆ: ನಮ್ದು ತಗಡಿನ ಮನಿ, ಹೊರಗ ದನಾ ಕಟ್ಟಿರ್ತೀವಿ. ಇಂಥಾ ವಿಮಾನ ದಿನಾ ಮ್ಯಾಲಿಂದ ಹೋದ್ರ ಹೆಂಗ್ರಿ? ಮೊದಲು ಯಾರರ ಹಿಂಗ ಮಾಡಿ ನೋಡ್ಯಾರೇನು? – ಶಹಾಪುರ ತಾಲೂಕಿನ ರೈತರು

ಉತ್ತರ: ನೋಡ್ಯಾರ್ರಿ, ಮಂದಿಗೆ ಭಾಳ ತ್ರಾಸ ಕೊಟ್ಟು ನೋಡ್ಯಾರ. ಅಮೆರಿಕದ ಒಕ್ಲಹೋಮ ಸಿಟಿ ಮ್ಯಾಲ 1964ರಾಗ, ಫೆಬ್ರವರಿಯಿಂದ ಆರು ತಿಂಗಳು, ದಿನಕ್ಕ ಎಂಟರಂಗ 1253 ಬೂಮ್ ಬೇಕಂತ ಮಾಡಿದ್ರು, ಮಂದಿ ಎಷ್ಟು ತಡ್ಕೋತಾರ ಅಂತ ತಿಳೀಲಿಕ್ಕೆ. ಮುಗಿಯೋದ್ರಾಗ ಪ್ರತಿ ನಾಕು ಮಂದ್ಯಾಗ ಒಬ್ಬರಿಗಿಂತ ಜಾಸ್ತಿ ಇದ್ರ ಕೂಡ ಬಾಳೇ ಮಾಡಲಿಕ್ಕೆ ಆಗಂಗಿಲ್ಲ ಅಂದ್ರು, ಎತ್ತರದ ಕಟ್ಟಡದ ಗಾಜು ಒಡದು ಹೋದ್ವು. 1973ರಾಗ ಅಮೆರಿಕದವ್ರು ನೆಲದ ಮ್ಯಾಲ ಸಿವಿಲ್ ಸೂಪರ್‌ಸಾನಿಕ್ ಬಂದ್ ಮಾಡಿದ್ರು. ಕಾನ್ಕಾರ್ಡ್ 1976ರಾಗ ಸುರು ಆಗಿ 2003ರಾಗ ನಿಲ್ಲೋ ತನಕಾ ಹೆಚ್ಚುಕಡಿಮಿ ಸಮುದ್ರದ ಮ್ಯಾಲೇ ಜೋರ್ ಹಾರ್ತು. ಸಿಂಗಾಪುರಕ್ಕ ಹೋಗೋ ಕಾನ್ಕಾರ್ಡಿಗೆ ನಮ್ಮ ಸರ್ಕಾರನೂ ನಮ್ಮ ನೆಲದ ಮ್ಯಾಲ ಆ ವೇಗಕ್ಕ ಒಪ್ಪಿರಲಿಲ್ಲ, ನನ್ನ ಪ್ರಕಾರ ಅದು ಬರೋಬ್ಬರಿ ಮಾಡಿದ್ರು.

ತಗಡಿನ ಮಾತು ನೀವು ಕೇಳಿದ್ದು ಭಾಳ ಮುಖ್ಯ ಅದ. 75 ಡೆಸಿಬಲ್ ಅನ್ನೋದು ಬಯಲಾಗ ನಿಂತವ್ರ ಕಿವಿ ಲೆಕ್ಕಾ. ಮೆತ್ತಗ ಮಾಡಿದ ಬೂಮ್‌ದಾಗೂ ಕಿವಿಗೆ ಕೇಳದ ಕೆಳಗಿನ ಫ್ರೀಕ್ವೆನ್ಸಿ ಉಳೀತದ, ಅದು ಮನಿ ಒಳಗ ಬಂದು ಬಾಗಲ, ಗಾಜು, ಸಡ್ಲ ಇದ್ದ ತಗಡು ಅಲ್ಲಾಡಿಸಬಹುದು. ಅಲ್ಲಾಡೋ ಸಪ್ಪಳ ಬೂಮಿಗಿಂತ ಕಿರಿಕಿರಿ ಆಗ್ತದ. ಅಮೆರಿಕದ ಕಟ್ಟಿಗಿ ಮನ್ಯಾಗ ನಡೆದದ್ದು ಯಾದಗಿರಿ ತಗಡಿಗೂ ನಡೀತದ ಅಂತ ಹಂಗೇ ಒಪ್ಕೋಬಾರ್ದು, ನಮ್ಮ ಮನಿಗಳ್ಯಾಗ ಅಳದೇ ನೋಡಬೇಕು.

ಪ್ರಶ್ನೆ: ಎಕ್ಸ್-59ಕ್ಕೂ ನಮ್ಮ ತೇಜಸ್‌ಕ್ಕೂ ಒಂದೇ ಎಂಜಿನ್ ಅಂತ ಓದಿದ್ದೆ. – ಹುಮನಾಬಾದ್‌ದ ಓದುಗರು

ಉತ್ತರ: ಒಂದೇ ಮನಿತನದ್ದು. ಜಿಇ ಕಂಪನಿಯ ಎಫ್414. ಈಗ ಹಾರೋ ತೇಜಸ್‌ದಾಗ ಅದ್ರ ಅಣ್ಣ ಎಫ್404 ಅದ, ಮುಂದ ಬರೋ ತೇಜಸ್ ಮಾರ್ಕ್ 2ಕ್ಕ ಎಫ್414 ಆರಿಸ್ಯಾರ, ಅದಕ್ಕ ಎಚ್‌ಎಎಲ್ ಮತ್ತ ಜಿಇ 2023ರ ಜೂನ್‌ದಾಗ ಒಪ್ಪಂದ ಪತ್ರಕ್ಕ ಸಹಿ ಹಾಕ್ಯಾರ. ಎಂಜಿನ್ ಒಂದೇ ಇದ್ರೂ ಬೂಮ್ ಒಂದೇ ಇರಂಗಿಲ್ಲ, ಬೂಮ್ ಮೈಕಟ್ಟಿನಿಂದ ಬರೋದು.

ಪ್ರಶ್ನೆ: ಕಲಬುರಗಿ ಏರ್‌ಪೋರ್ಟಿಗೆ ಇಂಥಾ ವಿಮಾನ ಯಾವಾಗ ಬರ್ತದ? ನಮ್ಮ ಮಗಳು ಲಂಡನ್‌ದಾಗ ಅದಾಳ. – ಕಲಬುರಗಿಯ ಬ್ಯಾಳಿ ವ್ಯಾಪಾರಸ್ಥರು

ಉತ್ತರ: ಮಗಳನ್ನ ನೋಡಲಿಕ್ಕೆ ಸದ್ಯಕ್ಕ ಈಗಿನ ವಿಮಾನದಾಗೇ ಹೋಗಿ ಬರ್ರಿ. ಎಕ್ಸ್-59 ಪ್ಯಾಸೆಂಜರ್ ಒಯ್ಯೋ ವಿಮಾನ ಅಲ್ಲ, ಬರೀ ಪ್ರಯೋಗದ್ದು. ಬೂಮ್ ಅನ್ನೋ ಹೆಸರಿನ ಅಮೆರಿಕದ ಕಂಪನಿ ಬ್ಯಾರೆ ದಾರಿ ಹಿಡದದ, ಅವ್ರ ಸಣ್ಣ ವಿಮಾನ ಎಕ್ಸ್‌ಬಿ-1 2025ರ ಜನವರಿ 28ಕ್ಕ ಮ್ಯಾಕ್ 1.12ರ ಆಸುಪಾಸು ಹಾರ್ತು. ಮ್ಯಾಕ್ 1ಕ್ಕಿಂತ ಸ್ವಲ್ಪೇ ಮ್ಯಾಲ, ಸಾಕಷ್ಟು ಎತ್ತರದಾಗ ಹಾರಿದ್ರ, ಕೆಳಗಿನ ಬಿಸಿ ಹವಾದಾಗ ಶಬ್ದ ಜೋರ್ ಓಡೋದ್ರಿಂದ ಶಾಕ್ ಬಾಗಿ ನೆಲ ಮುಟ್ಟೋ ಮೊದಲೇ ಮ್ಯಾಲಕ್ಕ ತಿರುಗ್ತದ. ಅದ್ರಾಗ ಆಕಾರದ ಕೆಲಸ ಕಡಿಮಿ, ಆದ್ರ ವೇಗನೂ ಅಷ್ಟಕ್ಕೇ. 2025ರ ಜೂನ್‌ದಾಗ ಅಮೆರಿಕದ ಅಧ್ಯಕ್ಷರು ಆ 1973ರ ಬಂದಿ ತೆಗೀರಿ ಅಂತ ಆದೇಶ ಹೊರಡಿಸ್ಯಾರ. ಬಂದಿ ತೆಗೆದ್ರೂ ಸಪ್ಪಳದ ಮಿತಿ ಇಷ್ಟೇ ಅಂತ ಬರದಿಡಬೇಕು ಅನ್ನೋದು ನನ್ನ ಮಾತು.

ಪ್ರಶ್ನೆ: ಇಷ್ಟು ಸಪ್ಪಳ ಆದ್ರ ನಡೀತದ ಅಂತ ಯಾರು ತೀರ್ಮಾನ ಮಾಡೋರು, ಮಂದಿ ಮನಸ್ಸು ಅಳಿಯೋದು ಹೆಂಗ? ಮಕ್ಕಳಿಗೆ ಹೇಳಬೇಕಾಗ್ಯದ. – ಪ್ರಾಥಮಿಕ ಶಾಲೆಯ ಶಿಕ್ಷಕಿ, ಭಾಲ್ಕಿ

ಉತ್ತರ: ಅಕ್ಕಾವ್ರೆ, ಇದಕ್ಕ ನಾಸಾದವ್ರು ಮೊದಲು ಒಂದು ತಾಲೀಮು ಮಾಡ್ಯಾರ. 2018ರ ನವೆಂಬರ್‌ದಾಗ ಟೆಕ್ಸಸ್‌ದ ಗ್ಯಾಲ್ವೆಸ್ಟನ್ ಅನ್ನೋ ಸಮುದ್ರದ ದಂಡಿ ಊರಾಗ. ಎಫ್/ಎ-18 ಫೈಟರ್ ಸಮುದ್ರದ ಮ್ಯಾಲ ಎತ್ತರಕ್ಕ ಹೋಗಿ ಒಂದು ಖಾಸ್ ರೀತಿ ಕೆಳಗ ಧುಮುಕ್ತದ, ಜೋರ್ ಬೂಮ್ ನೀರಿನ ಮ್ಯಾಲ ಬೀಳ್ತದ, ಊರಿಗೆ ಮೆತ್ತಗಿನ ಸಪ್ಪಳ ಮಾತ್ರ ಮುಟ್ತದ. ಊರಾಗಿನ ಸುಮಾರು 500 ಮಂದಿ ತಾವಾಗೇ ಒಪ್ಕೊಂಡು, ಕೇಳಿದ್ದು ಅನಿಸಿದ್ದು ಬರದು ಕಳಿಸಿದ್ರು, ಅಲ್ಲಲ್ಲಿ ಮೈಕ್ ಇಟ್ಟು ಖರೇ ಸಪ್ಪಳನೂ ಅಳದ್ರು. ಮುಂದ ಎಕ್ಸ್-59ನ್ನ ಅಮೆರಿಕದ ಬ್ಯಾರೆ ಬ್ಯಾರೆ ಊರ ಮ್ಯಾಲ ಹಾರಿಸಿ ಹಿಂಗೇ ಕೇಳ್ತಾರ, ಆ ಉತ್ತರಗಳನ್ನ ಅಲ್ಲಿನ ವಿಮಾನಯಾನ ಇಲಾಖೆಗೂ, ಎಲ್ಲಾ ದೇಶದ ನಿಯಮ ನೋಡೋ ಐಸಿಎಒಕ್ಕೂ ಕೊಡ್ತಾರ. ಮಿತಿ ಅದ್ರ ಮ್ಯಾಲೇ ನಿಂತದ.

ಮಕ್ಕಳ ಕೂಡ ಮಾಡಿ ನೋಡೋದಿದ್ರ ಶಾಲಿ ಹತ್ರದ ಯಾವುದೇ ಸಪ್ಪಳ ಸಾಕು, ರೈಲೋ ಲಾರಿಯೋ. ಯಾವಾಗ ಬರ್ತದ ಅಂತ ಮೊದಲೇ ಹೇಳಬ್ಯಾಡ್ರಿ, ಕಾಯ್ತಾ ಕೂತವ್ರ ಕಿವಿ ಬ್ಯಾರೇನೇ ಇರ್ತದ. ಎಷ್ಟು ಜೋರಿತ್ತು ಅಂತ ಕೇಳೋ ಬದ್ಲಿ ಎಷ್ಟು ತ್ರಾಸ ಆಯ್ತು ಅಂತ ಕೇಳ್ರಿ. ಒಳಗಿದ್ರೋ ಹೊರಗಿದ್ರೋ, ಕಿಟಕಿ ಬಾಗಲ ಅಲ್ಲಾಡಿದ್ವೋ ಇಲ್ಲೋ, ಆವಾಗ ಏನು ಮಾಡ್ಲಿಕತ್ತಿದ್ರಿ, ಇಷ್ಟು ಬರಸ್ರಿ. ಏನೂ ಕೇಳ್ಲಿಲ್ಲ ಅಂತ ಬರದ ಮಕ್ಕಳ ಚೀಟೀನೂ ತಪ್ಪದ ತೆಗೆದಿಡ್ರಿ, ಅವನ್ನ ಬಿಟ್ರ ಲೆಕ್ಕಾ ಕೆಡ್ತದ.